ಸಹಾಯ ಬೇಕು: ಪಂಚ್ ದಾಖಲೆಯಿಂದ ಒಟ್ಟು ಕೆಲಸದ ಗಂಟೆ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಫ್ಯಾಕ್ಟರಿಯಲ್ಲಿ ಬರುವಾಗ-ಹೋಗುವಾಗ ಬೆರಳು ಒತ್ತಿ ಪಂಚ್ ಮಾಡುವ ಹಾಜರಾತಿ ಯಂತ್ರದ ದಾಖಲೆ ಮೈಎಸ್‌ಕ್ಯೂಎಲ್ 8 ಡೇಟಾಬೇಸ್‌ನಲ್ಲಿದೆ. ಟೇಬಲ್‌ನಲ್ಲಿ ಇರುವುದು ಎರಡೇ ಕಾಲಂ: ನೌಕರರ ನಂಬರ್, ಪಂಚ್ ಆದ ತಾರೀಕು-ಸಮಯ. ಒಳಗೆ ಬಂದಿದ್ದೋ ಹೊರಗೆ ಹೋಗಿದ್ದೋ ಅಂತ ಯಂತ್ರ ಬರೆಯುವುದೇ ಇಲ್ಲ.

ಮೊದಲು ತಾರೀಕಿನ ಪ್ರಕಾರ ಗ್ರೂಪ್ ಬೈ ಮಾಡಿ (ಗುಂಪು ಮಾಡಿ), ಮ್ಯಾಕ್ಸ್‌ನಿಂದ (ಕೊನೆಯ ಪಂಚ್) ಮಿನ್ (ಮೊದಲ ಪಂಚ್) ಕಳೆದೆ. ಹಗಲು ಪಾಳಿಗೆ ಪರವಾಗಿಲ್ಲ. ರಾತ್ರಿ ಪಾಳಿಯವರು 22:00ಕ್ಕೆ ಬಂದು ಮರುದಿನ 06:00ಕ್ಕೆ ಹೋಗುತ್ತಾರೆ ಅಲ್ವಾ? ಒಂದೇ ತಾರೀಕಿನಲ್ಲಿ 06:00 ಮತ್ತು 22:00 ಸಿಕ್ಕಿ, 8 ಗಂಟೆ ದುಡಿದವರಿಗೆ 16 ಗಂಟೆ ಬಂತು!

ಆಮೇಲೆ ಮುಂದಿನ ಸಾಲಿನ ಮಾಹಿತಿ ತರುವ ಲೀಡ್ ಫಂಕ್ಷನ್ ಹಾಕಿ ಪ್ರತಿ ಪಂಚ್‌ಗೂ ಮುಂದಿನದನ್ನು ಜೋಡಿಸಿದೆ. ರೋ ನಂಬರ್ (ಸಾಲಿನ ಕ್ರಮಸಂಖ್ಯೆ) ಬೆಸವಾಗಿದ್ದರೆ ಒಳಗೆ ಅಂತ ಲೆಕ್ಕ. ಎರಡು ಸಮಯಗಳ ಅಂತರ ಕೊಡುವ ಟೈಮ್‌ಸ್ಟಾಂಪ್‌ಡಿಫ್‌ನಲ್ಲಿ ನಿಮಿಷ ತೆಗೆದು ಕೂಡಿದೆ. ಸರಿಯಾಗೇ ಬರುತ್ತಿತ್ತು. ಆದರೆ ಯಾರಾದರೂ ಒಂದು ಸಲ ಪಂಚ್ ಮರೆತರೆ ಮುಗಿಯಿತು, ಅಲ್ಲಿಂದ ಮುಂದೆ ಎಲ್ಲಾ ಅದಲುಬದಲು. ಮನೆಯಲ್ಲಿ ಮಲಗಿದ್ದ ಹೊತ್ತೂ ಡ್ಯೂಟಿ ಆಗುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಎರಡು ಪಂಚ್ ನಡುವೆ 10 ಗಂಟೆಗಿಂತ ಜಾಸ್ತಿ ಅಂತರ ಇದ್ದರೆ ಹೊಸ ಪಾಳಿ ಶುರು ಅಂತ ಕ್ವೆರಿಯಲ್ಲೇ (ಡೇಟಾಬೇಸ್‌ಗೆ ಕೊಡುವ ಆದೇಶದಲ್ಲೇ) ಒಡೆಯುವುದು ಹೇಗೆ? ಬೆಸ ಸಂಖ್ಯೆಯ ಪಂಚ್ ಇರುವ ಪಾಳಿಗಳು ಮೊತ್ತದಲ್ಲಿ ಸೇರದೆ ಬೇರೆಯಾಗಿ ಕಾಣಬೇಕು. ಮಾದರಿ ಕ್ವೆರಿ ಯಾರಾದರೂ ಕೊಡ್ತೀರಾ?