‘ಟೇಬಲ್’ ಮಾಡುವುದೆಂದರೆ ಮಂಡಿಸುವುದೋ, ಬದಿಗಿರಿಸುವುದೋ?

ಮಾನ್ಯರೇ,

ಅಮೆರಿಕದ ಕನ್ನಡ ಕೂಟವೊಂದರ ಸಭಾ ನಡವಳಿಯನ್ನು ಕನ್ನಡಕ್ಕೆ ತರುವಾಗ ‘ದಿ ಮೋಷನ್ ವಾಸ್ ಟೇಬಲ್ಡ್’ ಎಂಬ ವಾಕ್ಯವನ್ನು ನಾನು ‘ಪ್ರಸ್ತಾವವನ್ನು ಮಂಡಿಸಲಾಯಿತು’ ಎಂದು ಬರೆದಿದ್ದೆ. ಮುಂದೆ ಎಲ್ಲಿಯೂ ಆ ಪ್ರಸ್ತಾವದ ಮೇಲೆ ಚರ್ಚೆಯಾಗಲಿ ಮತದಾನವಾಗಲಿ ನಡೆದ ಸುಳಿವಿಲ್ಲದ್ದರಿಂದ ಅನುಮಾನ ಬಂದು ವಿಚಾರಿಸಿದಾಗ, ಅಲ್ಲಿ ನಡೆದದ್ದು ನಾನು ಬರೆದುದಕ್ಕೆ ನೇರ ವಿರುದ್ಧವೆಂದು ತಿಳಿಯಿತು. ವಿಷಯವನ್ನು ಅಂದು ಕೈಗೆತ್ತಿಕೊಳ್ಳದೆ ಬದಿಗಿರಿಸಿದ್ದರು.

ಬ್ರಿಟನ್ನಿನಲ್ಲಿ ಈ ಕ್ರಿಯಾಪದಕ್ಕೆ ಸಭೆಯ ಮುಂದಿಡುವುದು ಎಂಬ ಅರ್ಥವಿದೆ. ನಮ್ಮ ಸಂಸತ್ತು ಮತ್ತು ವಿಧಾನಮಂಡಲಗಳು ಅದೇ ರೂಢಿಯವಾದ್ದರಿಂದ, ವರದಿಯನ್ನು ಸದನದ ಮೇಜಿನ ಮೇಲೆ ಇಟ್ಟರೆಂದರೆ ಅದನ್ನು ಅಧಿಕೃತವಾಗಿ ಸದನಕ್ಕೆ ಒಪ್ಪಿಸಿದರೆಂದೇ ನಾವು ತಿಳಿಯುತ್ತೇವೆ. ಅಮೆರಿಕದಲ್ಲಿ ಅದೇ ಮೇಜು ವಿಷಯವನ್ನು ಸರಿಸಿಡುವ ಜಾಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ತುರ್ತಾಗಿ ಚರ್ಚಿಸಬೇಕೆಂದು ಒಂದು ಟಿಪ್ಪಣಿಯನ್ನು ‘ಟೇಬಲ್’ ಮಾಡಲು ಹೊರಟಾಗ, ಅದನ್ನು ಮೂಲೆಗೆ ಸೇರಿಸಲು ಹೊರಟಿದ್ದಾರೆಂದು ಅಮೆರಿಕದವರು ತಿಳಿದರೆಂದೂ, ಇಬ್ಬರ ಅಪೇಕ್ಷೆಯೂ ಒಂದೇ ಎಂಬುದು ಅರಿವಾಗುವ ಮೊದಲು ದೀರ್ಘವಾದ, ಕಹಿಯಾದ ವಾದವೇ ನಡೆಯಿತೆಂದೂ ಚರ್ಚಿಲ್ ತಮ್ಮ ಯುದ್ಧೇತಿಹಾಸದಲ್ಲಿ ದಾಖಲಿಸಿದ್ದಾರೆ. ಒಂದೇ ಭಾಷೆಯನ್ನಾಡುವವರಿಗೇ ಹೀಗಾದ ಮೇಲೆ ಅನುವಾದಕರು ಎಷ್ಟು ಎಚ್ಚರವಾಗಿದ್ದರೂ ಸಾಲದು.

ತಪ್ಪು ತಿದ್ದಿಕೊಂಡರೂ ಪದದ ತೊಡಕು ಉಳಿಯುತ್ತದೆ. ‘ಮುಂದೂಡು’ ಎನ್ನೋಣವೆಂದರೆ, ಅಮೆರಿಕದ ಸಂಘಸಂಸ್ಥೆಗಳು ಬಹುಮಟ್ಟಿಗೆ ಅನುಸರಿಸುವ, 1876ರಲ್ಲಿ ಮೊದಲು ಪ್ರಕಟವಾದ ‘ರಾಬರ್ಟ್ಸ್ ರೂಲ್ಸ್’ ಎಂಬ ಸಭಾ ನಿಯಮಗಳ ಪುಸ್ತಕದಲ್ಲಿ ಗೊತ್ತಾದ ದಿನಕ್ಕೆ ಮುಂದೂಡಲು ಬೇರೆಯೇ ಸೂಚನೆ (ಮೋಷನ್) ಇದೆ. ಟೇಬಲ್ ಮಾಡಿದ ವಿಷಯಕ್ಕೆ ದಿನ ನಿಗದಿಯಾಗಿರುವುದಿಲ್ಲ, ಸಭೆ ಬಹುಮತದಿಂದ ಅದನ್ನು ಮತ್ತೆ ಎತ್ತಿಕೊಳ್ಳಬೇಕು. ‘ತಡೆಹಿಡಿ’ ಎಂದರೆ ಮೇಲಿನವರು ಯಾರೋ ಅಧಿಕಾರ ಚಲಾಯಿಸಿದಂತೆ ಕೇಳುತ್ತದೆ. ಅಮೆರಿಕದ ಕಾಂಗ್ರೆಸ್ಸಿನಲ್ಲಂತೂ ಟೇಬಲ್ ಮಾಡುವ ಸೂಚನೆಯ ಮೇಲೆ ಚರ್ಚೆಗೇ ಅವಕಾಶವಿಲ್ಲ, ಅದು ಅಂಗೀಕಾರವಾದರೆ ವಿಷಯ ಅಲ್ಲಿಗೆ ಬಿದ್ದುಹೋದಂತೆಯೇ. ಆದ್ದರಿಂದ ಆ ಸುದ್ದಿಗಳನ್ನು ಬರೆಯುವಾಗ ‘ಚರ್ಚೆಯಿಲ್ಲದೆ ಕೈಬಿಡಲಾಯಿತು’ ಎನ್ನುವುದೇ ಸರಿಯೆಂದು ನನ್ನ ಅಭಿಪ್ರಾಯ.

ಕೂಟದ ನಡವಳಿಯಲ್ಲಿ ಸದ್ಯಕ್ಕೆ ‘ಬದಿಗಿರಿಸಲಾಯಿತು’ ಎಂದು ತಿದ್ದಿದ್ದೇನೆ. ನಮ್ಮ ಸಹಕಾರ ಸಂಘಗಳ ಹಳೆಯ ನಡವಳಿ ಪುಸ್ತಕಗಳಲ್ಲಿ, ದಿನ ಗೊತ್ತುಮಾಡದೆ ಪಕ್ಕಕ್ಕಿಟ್ಟ ವಿಷಯಗಳಿಗೆ ಯಾವ ಮಾತನ್ನು ಬಳಸುತ್ತಿದ್ದರೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.