ಶೇಂಗಾ ಕೈಬಿಟ್ಟ ಹೊಲಕ್ಕೆ ಸಾವೆಯೋ ಕೊರಲೆಯೋ?

ಪ್ರಶ್ನೆ (ಚಳ್ಳಕೆರೆ ತಾಲ್ಲೂಕು):
ನಮ್ಮದು ಇಳಿಜಾರಿನ ಐದು ಎಕರೆ ಕೆಂಪು ಮಸಾರಿ ಮಣ್ಣಿನ ಹೊಲ. ಅಪ್ಪನ ಕಾಲದಿಂದ ಶೇಂಗಾ ಮೇಲೆ ಶೇಂಗಾ. ಮೇಲ್ಮಣ್ಣು ಕೊಚ್ಚಿಹೋಗಿ ಕಲ್ಲುಗರಸು ಎದ್ದಿದೆ, ಕೊಳವೆಬಾವಿ ಬತ್ತಿದೆ. ಕಾಯಿ ಕಟ್ಟುವ ಹೊತ್ತಿಗೇ ಮಳೆ ಕೈಕೊಡುತ್ತದೆ. ಬೀಜದ ದುಡ್ಡೂ ಹುಟ್ಟುವುದಿಲ್ಲ. ಈ ಸಲ ಸಿರಿಧಾನ್ಯ ಬೆಳೆಯೋಣ ಎಂದಿದ್ದೇವೆ: ಸಾವೆ ಹಾಕಲೇ, ಕೊರಲೆ ಹಾಕಲೇ? ‘ಬೆಳೆದದ್ದನ್ನು ಅಕ್ಕಿ ಮಾಡಿಸುವುದು ಎಲ್ಲಿ?’ ಎಂದು ಮನೆಯವರು ಕೇಳುತ್ತಿದ್ದಾರೆ. ಅದಕ್ಕೂ ಉತ್ತರ ಬೇಕು.

ಉತ್ತರ (ಹೊಸದುರ್ಗ):
ತಮ್ಮಾ, ನಿಮ್ಮ ಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ರಾಗಿಯನ್ನು ನೇರವಾಗಿ ಬೀಸಬಹುದು; ಇವುಗಳ ಹೊಟ್ಟು ಬಿಡಿಸಿ ಅಕ್ಕಿ ಮಾಡಲೇಬೇಕು. ನಮ್ಮತ್ತೆ ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ ಸಾವೆ ಅಕ್ಕಿ ಮಾಡುತ್ತಿದ್ದರು. ರೇಷನ್ ಅಕ್ಕಿ ಬಂದಾಗ ಹೆಂಗಸರು ಸಾವೆಯನ್ನು ಕೈಬಿಟ್ಟದ್ದು ಸುಮ್ಮನೆ ಅಲ್ಲ. ಇಂದು ಸಿರಿಧಾನ್ಯವನ್ನು ಹಾಡಿ ಹೊಗಳುವವರಲ್ಲಿ ಒನಕೆ ಹಿಡಿದವರು ಕಡಿಮೆ! ಭತ್ತದ ಗಿರಣಿಯಲ್ಲಿ ಇದು ಆಗುವುದಿಲ್ಲ, ಬೇರೆ ಯಂತ್ರವೇ ಬೇಕು. ಅದು ಹತ್ತಿರದಲ್ಲಿ ಎಲ್ಲಿದೆ ಎಂದು ಬಿತ್ತುವ ಮೊದಲೇ ವಿಚಾರಿಸಿ. ಹೊಟ್ಟಿನೊಂದಿಗೆ ಇಟ್ಟ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅಕ್ಕಿ ಮಾಡಿದ ಮೇಲೆ ಬೇಗ ಕಮಟು ಹಿಡಿಯುತ್ತದೆ, ಉಣ್ಣುವಷ್ಟನ್ನೇ ಮಾಡಿಸಿ.

ಬಯಲಿಗೆ ಸಾವೆ ಇರಲಿ. ಕೊರಲೆ ನೆರಳನ್ನೂ ತಾಳುತ್ತದೆ, ಹುಣಸೆ, ಹೊಂಗೆಯ ಕೆಳಗೆ ಹಾಕಿ. ಎಕರೆಗೆ 4 ಕೆಜಿ ಬೀಜ ಸಾಕು. ಬೀಜ ಸಣ್ಣದು, ಮರಳು ಬೆರೆಸಿ ಬಿತ್ತಿ. ಆಳಕ್ಕೆ ಬಿದ್ದರೆ ಮೇಲೇಳುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿಯಿರಿ, ಅಕ್ಕಡಿಗೆ (ನಡುನಡುವಿನ ಸಾಲಿಗೆ) ತೊಗರಿ.

ಉತ್ತರ (ಜಗಳೂರು):
ಐದೂ ಎಕರೆಗೆ ಸಾವೆಯನ್ನೇ ಚೆಲ್ಲಿದರೆ ಶೇಂಗಾದ ಕಥೆಯೇ ಮತ್ತೆ. ಒಂದು ಭಾಗಕ್ಕೆ ಹುರುಳಿ ಇರಲಿ. ಸೆಪ್ಟೆಂಬರ್ ಹೊತ್ತಿನ ಹುಬ್ಬೆ, ಉತ್ತರೆ ಮಳೆಗೆ ಬಿತ್ತಿದರೂ ಬರುತ್ತದೆ, ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೂಡಿಸುತ್ತವೆ. ಗರಸಿನ ಬದುವಿಗೆ ಸೀತಾಫಲ: ಅದರ ಸೊಪ್ಪಿಗೆ ಕುರಿ, ಮೇಕೆ ಬಾಯಿ ಹಾಕುವುದಿಲ್ಲ. ನಿಮ್ಮ ಸೀಮೆಯಲ್ಲಿ ಗಿಡಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕೇ? ತಾನಾಗಿ ಹುಟ್ಟುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪಿಗೆ ಕಳೆನಾಶಕ ಹೊಡೆಯಬೇಡಿ, ಸಾರಿಗೆ ಕಿತ್ತುಕೊಳ್ಳಿ.

ಉತ್ತರ (ಹಿರಿಯೂರು):
ಬೀಜಕ್ಕೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ರೈತಸಿರಿ ಯೋಜನೆಯಲ್ಲಿ ಕಿರುಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವಿತ್ತು. ಈ ಸಾಲಿನ ವಿವರ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆ: 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಮೇಳಗಳು ಮುಗಿದವು. ನಗರದ ಅಂಗಡಿಯಲ್ಲಿ ಕಾಣುವುದು ಅಕ್ಕಿಯ ಬೆಲೆ, ಕಣದಲ್ಲಿ ವ್ಯಾಪಾರಿ ಕೊಡುವುದು ಹೊಟ್ಟಿನ ಕಾಳಿನ ಬೆಲೆ. ಲೆಕ್ಕ ಎರಡನೆಯದರಿಂದ ಶುರುವಾಗಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಅಕ್ಕಾ, ಎರಡಕ್ಕೂ ಒಂದೇ ಯಂತ್ರ ನಡೆಯುತ್ತದೆಯೇ?

ಉತ್ತರ (ಹೊಸದುರ್ಗ):
ನಡೆಯುತ್ತದೆ, ಜರಡಿ ಬದಲಿಸಬೇಕು. ಕೊರಲೆಯ ಹೊಟ್ಟು ಬಿಗಿ, ಇನ್ನೊಂದು ಸಲ ಹಾಯಿಸಬೇಕಾಗುತ್ತದೆ. ಬಿದ್ದ ನುಚ್ಚನ್ನು ಕೇಳಿ ಪಡೆಯಿರಿ, ಉಪ್ಪಿಟ್ಟಿಗೆ ಅದೇ ಚೆನ್ನ.