ಅಡಿಕೆ ಬೆಳೆಗಾರರ ಗುಂಪಿನಲ್ಲಿ ಮಾರಾಟದ ಪೋಸ್ಟ್: ಪೂರ್ತಿ ನಿಷೇಧವೋ, ಸೋಸಿ ಬಿಡುವುದೋ?

ಅಡ್ಮಿನ್, ತೀರ್ಥಹಳ್ಳಿ
ಎಲ್ಲರಿಗೂ ನಮಸ್ಕಾರ. 2022ರಲ್ಲಿ ಮಲೆನಾಡಿನ ತುಂಬ ಎಲೆಚುಕ್ಕಿ ರೋಗ ಹಬ್ಬಿದಾಗಿನಿಂದ ಈ ಗುಂಪಿನ ಚಹರೆಯೇ ಬದಲಾಗಿದೆ. ಯಾರಾದರೂ ಚುಕ್ಕಿ ಬಿದ್ದ ಸೋಗೆಯ ಫೋಟೋ ಹಾಕಿ "ಏನು ಮಾಡಲಿ" ಅಂತ ಕೇಳಿದರೆ ಉತ್ತರಕ್ಕಿಂತ ಮೊದಲು ಬಾಟಲಿಯ ಫೋಟೋ, ಫೋನ್ ನಂಬರು ಬರುತ್ತವೆ. ಜೊತೆಗೆ ಸಾಲದ ಆ್ಯಪ್, ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲು (ಒತ್ತಿದರೆ ಫೋನಿಗೆ ಕಳ್ಳ ಆ್ಯಪ್ ಇಳಿಸುವಂಥದ್ದು), ಯೂಟ್ಯೂಬ್ ಲಿಂಕು. ಎಪಿಕೆ ಹಾಕಿದವರನ್ನು ಕೇಳದೇ ಹೊರಹಾಕುತ್ತಿದ್ದೇವೆ, ಅದರಲ್ಲಿ ಚರ್ಚೆ ಇಲ್ಲ. ಉಳಿದದ್ದಕ್ಕೆ ನನ್ನ ಪ್ರಸ್ತಾಪ: ಗಿಡ, ಗೊಬ್ಬರ, ಔಷಧಿ, ಯಂತ್ರ, ಚಾನೆಲ್, ಯಾವುದರ ಪ್ರಚಾರವೂ ಇನ್ನು ಬೇಡ. ನಿಮ್ಮ ಅಭಿಪ್ರಾಯ ಹೇಳಿ.

ಕೊಪ್ಪದ ಕೃಷಿಕ
ನನ್ನದು ಪೂರ್ತಿ ಒಪ್ಪಿಗೆ. ನಮ್ಮ ಕಡೆ ಹಳದಿ ಎಲೆ ರೋಗ ದಶಕಗಳಿಂದ ಇದೆ. ಅದು ಫೈಟೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು, ಗುಣಪಡಿಸುವ ಔಷಧಿ ಇವತ್ತಿಗೂ ಇಲ್ಲ. ಇಷ್ಟು ಗೊತ್ತಿದ್ದೂ "100% ಗ್ಯಾರಂಟಿ, ಮೂರು ತಿಂಗಳಲ್ಲಿ ತೋಟ ಹಸಿರು" ಅನ್ನೋ ಪೋಸ್ಟ್ ಮತ್ತೆ ಮತ್ತೆ ಬರ್ತದೆ. ಕಣ್ಣೆದುರೇ ತೋಟ ಹೋಗ್ತಿರೋವಾಗ ಮನುಷ್ಯ ಏನು ಬೇಕಾದರೂ ಕೊಳ್ತಾನೆ. ಅದು ಗೊತ್ತಿದ್ದೇ ಇವರು ಇಲ್ಲಿಗೆ ಬರೋದು. ನಾಳೆ ಯಾರಾದರೂ ಮೋಸ ಹೋದರೆ ಅಡ್ಮಿನ್ ಮೇಲೆ ಕೇಸು ಹಾಕಿದರೂ ಆಶ್ಚರ್ಯ ಇಲ್ಲ.

ಸುಳ್ಯ ತೋಟ
ರೋಗದ ಮಾತಿಗೆ ನಾನೂ ಕೈ ಎತ್ತುತ್ತೇನೆ, ಸಂಪಾಜೆ ಕಡೆಯವರಿಗೆ ಹಳದಿ ರೋಗ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಪೂರ್ತಿ ನಿಷೇಧ ಬೇಡ ಮಾರಾಯ್ರೆ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾದದ್ದು ಹೇಗೆ? ಮಾರುವವರು ಹಾಕಿದ ವಿಡಿಯೋದಿಂದಲೇ. ನೆಲದಲ್ಲಿ ನಿಂತು ಅಡಿಕೆ ಕೊನೆ ತೆಗೆಯುವುದು, ಕೊಳೆ ರೋಗಕ್ಕೆ ಮದ್ದು ಬಿಡುವುದು ಹೇಗೆ ಅಂತ ತೋರಿಸಿದರು. ಮರ ಹತ್ತುವವರು ಸಿಗದ ಊರಿನಲ್ಲಿ ಅದು ಜಾಹೀರಾತು ಅಂತ ಯಾರಿಗೂ ಅನ್ನಿಸಲಿಲ್ಲ. ದೋಟಿಯ ಭಾರ ಎಷ್ಟು, ಗಾಳಿಗೆ ಬಾಗ್ತದಾ, ವಿದ್ಯುತ್ ತಂತಿ ಹತ್ತಿರ ಹಿಡಿಯಬಹುದಾ ಅಂತ ಕೇಳಿದವರಿಗೆಲ್ಲ ಅವರು ಉತ್ತರ ಕೊಟ್ಟಿದ್ದಾರೆ. ತಂತಿ ಹತ್ತಿರ ಕಾರ್ಬನ್ ದೋಟಿ ಒಯ್ಯಲೇಬಾರದು, ಅದು ಕರೆಂಟ್ ಹರಿಸ್ತದೆ ಅಂತ ಎಚ್ಚರಿಸಿದ್ದೂ ಮಾರುವವರೇ.

ಶಿವಮೊಗ್ಗ ಗೊಬ್ಬರದಂಗಡಿ
ಅಂಗಡಿಯವರೆಲ್ಲ ಕಳ್ಳರು ಅನ್ನೋ ಧಾಟಿ ಬೇಡ ಸರ್. ನಾವು ಲೈಸೆನ್ಸ್ ತಗೊಂಡು, ಬಿಲ್ ಕೊಟ್ಟು ಮಾರೋರು. ಮೈಲುತುತ್ತ ಬಂದಿದೆ, ಇಂಥ ರೇಟು ಅಂತ ಹಾಕಿದರೆ ರೈತರಿಗೇ ಅನುಕೂಲ ಅಲ್ವಾ?

ಕೊಪ್ಪದ ಕೃಷಿಕ
ರೇಟು ಹಾಕೋದಕ್ಕೆ ತಕರಾರಿಲ್ಲ. ಒಂದೇ ರೇಟನ್ನ ದಿನಾ ಬೆಳಿಗ್ಗೆ ಹಾಕಿದರೆ ಯಾರೋ ಕೇಳಿದ ಪ್ರಶ್ನೆ ಎಲ್ಲೋ ಕೆಳಗೆ ಹೋಗಿಬಿಡ್ತದೆ. ಹೋದ ಮಳೆಗಾಲದಲ್ಲಿ ಒಬ್ಬರು ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಹದ ಕೇಳಿದ್ದರು. ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇಷ್ಟೇ ಉತ್ತರ. ಅದು ಅವರ ಕಣ್ಣಿಗೆ ಬೀಳೋಕೆ ಮುಂಚೆ ಎಷ್ಟು ಪೋಸ್ಟರ್ ದಾಟಬೇಕಾಯ್ತು ಅಂತ ಹೋಗಿ ನೋಡಿ.

ಶಿರಸಿ ನರ್ಸರಿ
ನಾನು ಗಿಡ ಮಾರುವವಳು, ಹಾಗಾಗಿ ನನ್ನ ಮಾತನ್ನು ಅಷ್ಟು ಕಳೆದೇ ಓದಿ. ಹಿಪ್ಪಲಿಗೆ ಕಸಿ ಕಟ್ಟಿದ ಕಾಳುಮೆಣಸಿನ ಬಗ್ಗೆ ಇಲ್ಲಿ ಬರೆದಿದ್ದೆ. ಬೇರಿಗೆ ಸೊರಗು ರೋಗ ತಾಗುವುದು ಕಡಿಮೆ, ಜೌಗು ತೋಟಕ್ಕೆ ಹೊಂದ್ತದೆ ಅಂತ. ಅದರ ಜೊತೆಗೇ, ಬೇಸಿಗೆಯಲ್ಲಿ ನೀರು ಕೊಡಲಾಗದವರು ಹಾಕಬೇಡಿ, ಒಣಗಿ ಹೋಗ್ತದೆ ಅಂತಲೂ ಬರೆದಿದ್ದೆ. ಅದನ್ನು ಓದಿ ಗಿಡ ಬೇಡ ಅಂದವರಿದ್ದಾರೆ, ನನಗೆ ಅದೇ ಸರಿ ಅನ್ನಿಸಿತು. ನೀರಿಲ್ಲದ ತೋಟಕ್ಕೆ ಹೋದ ಗಿಡ ಸತ್ತರೆ ನನ್ನ ಹೆಸರೇ ಹೋಗೋದು. ಈಗ ಅಡ್ಮಿನ್ ಅಣ್ಣನ ನಿಯಮ ಬಂದರೆ ನಾನು ಬರೆಯೋದು ನಿಲ್ಲಿಸ್ತೇನೆ, ನನಗೇನೂ ಬೇಸರವಿಲ್ಲ. ಆದರೆ ಗಿಡ ಮಾಡುವವರು ಮಾತಾಡದಿದ್ದರೆ ಗಿಡದ ದೋಷ ಹೇಳುವವರು ಯಾರು?

ಬೆಂಗಳೂರಲ್ಲಿದ್ದು ತೋಟ ಮಾಡುವವ
ಅಕ್ಕ ಹೇಳಿದ್ದರಲ್ಲೇ ಅಳತೆಗೋಲು ಇದೆ. ಕೊಳ್ಳದೇ ಇರುವವನಿಗೂ ಆ ಪೋಸ್ಟಿನಿಂದ ಏನಾದರೂ ತಿಳಿಯಿತಾ? ತಿಳಿದರೆ ಇರಲಿ. "ಮಾಹಿತಿಗೆ ಇನ್‌ಬಾಕ್ಸ್‌ಗೆ ಬನ್ನಿ" ಅನ್ನೋದೆಲ್ಲ ಹೋಗಲಿ, ಯಾಕೆಂದರೆ ಎಲ್ಲರೆದುರು ಹೇಳಲಾಗದ ಮಾತನ್ನೇ ಅಲ್ಲಿ ಹೇಳೋದು.

ಕೊಪ್ಪದವರಿಗೆ ಒಂದು ತಿದ್ದುಪಡಿ: ವಾಟ್ಸಾಪ್ ಗುಂಪಿನಲ್ಲಿ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ. ಕೇಸಿನ ಭಯಕ್ಕೆ ನಿಯಮ ಮಾಡೋದು ಬೇಡ. ಇಲ್ಲಿರುವವರ ದುಡ್ಡು, ತೋಟ ಉಳಿಯಲಿ ಅಂತ ಮಾಡೋಣ.

ಇನ್ನೊಂದು, ಹೊಗಳಿಕೆಯ ಕಾಮೆಂಟುಗಳನ್ನು ಗಮನಿಸಿ. ಬಾಟಲಿಯ ಪೋಸ್ಟ್ ಬಿದ್ದ ಹತ್ತು ನಿಮಿಷದೊಳಗೆ "ನಮ್ಮ ತೋಟಕ್ಕೆ ಬಳಸಿದ್ದೇವೆ, ಸೂಪರ್" ಅಂತ ಬರೆಯುವ ಖಾತೆಗಳು ಬೇರೆ ಯಾವ ಚರ್ಚೆಯಲ್ಲೂ ಬಾಯಿ ಬಿಟ್ಟಿಲ್ಲ. ಹೊಸ ಸದಸ್ಯರ ಪೋಸ್ಟ್ ಅನುಮೋದನೆ ಆಗಿಯೇ ಬರಲಿ, ಫೋನ್ ನಂಬರು ಅಥವಾ "ಗ್ಯಾರಂಟಿ" ಅನ್ನೋ ಪದ ಇದ್ದರೆ ತಾನಾಗಿ ತಡೆಯುವ ಸೆಟ್ಟಿಂಗ್ ಹಾಕಿ. ಅರ್ಧ ಕಸ ಅಲ್ಲೇ ನಿಲ್ಲುತ್ತದೆ.

ಕೃಷಿ ವಿಡಿಯೋ ಮಾಡುವವ
ಯೂಟ್ಯೂಬ್‌ನವರನ್ನು ಎಪಿಕೆ ಕಳ್ಳರ ಸಾಲಲ್ಲಿ ನಿಲ್ಲಿಸಿದ್ದು ನೋವಾಯ್ತು. ಬೈಕಿನಲ್ಲಿ ಊರೂರು ಸುತ್ತಿ ಒಬ್ಬೊಬ್ಬ ರೈತರ ತೋಟ ತೋರಿಸ್ತೇವೆ. ಲಿಂಕ್ ಹಾಕದಿದ್ದರೆ ನೋಡೋರು ಯಾರು?

ಸುಳ್ಯ ತೋಟ
ನಿಮ್ಮ ಕೆಲಸಕ್ಕೆ ಬೆಲೆ ಇದೆ ತಮ್ಮಾ. 1988ರಲ್ಲಿ ಪುತ್ತೂರಿನಿಂದ ಅಡಿಕೆ ಪತ್ರಿಕೆ ಶುರುವಾದಾಗ "ಕೃಷಿಕರ ಕೈಗೆ ಲೇಖನಿ" ಅಂತ ಹೇಳಿ ಬೆಳೆಗಾರರಿಂದಲೇ ಬರೆಸಿದರು. ನಿಮ್ಮ ವಿಡಿಯೋವೂ ಆ ಜಾತಿಯದ್ದೇ ಆಗಬಹುದು. ಬರೀ ಲಿಂಕ್ ಎಸೆದು ಹೋಗಬೇಡಿ. ಆ ಕೃಷಿಕ ಏನು ಮಾಡಿದ, ಎಷ್ಟು ಖರ್ಚಾಯ್ತು, ಎಲ್ಲಿ ಸೋತ ಅಂತ ಇಲ್ಲೇ ನಾಲ್ಕು ಸಾಲು ಬರೆಯಿರಿ, ಕೆಳಗೆ ಲಿಂಕ್ ಇರಲಿ. ನೆಟ್‌ವರ್ಕ್ ಸಿಗದ ನಮ್ಮಂಥವರಿಗೆ ಆ ನಾಲ್ಕು ಸಾಲೇ ಸಾಕು.

ಕೃಷಿ ವಿಡಿಯೋ ಮಾಡುವವ
ಅದು ಮಾಡಬಹುದು. ಮಾಡ್ತೇನೆ.

ಅಡ್ಮಿನ್, ತೀರ್ಥಹಳ್ಳಿ
ಪೂರ್ತಿ ನಿಷೇಧದ ಪ್ರಸ್ತಾಪ ಕೈಬಿಡೋಣ. ಆದರೆ ಔಷಧಿಯ ವಿಷಯದಲ್ಲಿ ನಾನು ಬಿಗಿಯಾಗಿಯೇ ಇರ್ತೇನೆ. 1968ರ ಕೀಟನಾಶಕ ಕಾಯ್ದೆ ಪ್ರಕಾರ ಶಿಲೀಂಧ್ರನಾಶಕವೂ ನೋಂದಣಿ ಇಲ್ಲದೆ ಮಾರುವಂತಿಲ್ಲ, ಲೇಬಲ್ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ರೋಗಕ್ಕೆ ಮದ್ದು ಅಂತ ಹಾಕುವವರು ಆ ಲೇಬಲ್ ಓದುವ ಹಾಗೆ ಫೋಟೋ ಹಾಕಲಿ. ಇಲ್ಲದಿದ್ದರೆ ಪೋಸ್ಟ್ ಇಲ್ಲ. ಹಳದಿ ಎಲೆ ರೋಗ ವಾಸಿ ಮಾಡ್ತೇವೆ ಅಂದವರು ಲೇಬಲ್ ತೋರಿಸಿದರೂ ಹೊರಗೆ. ಅಂಗಡಿಯವರು ವಾರಕ್ಕೊಮ್ಮೆ, ಭಾನುವಾರದ ರೇಟಿನ ಪೋಸ್ಟ್ ಕೆಳಗೆ ಮಾತ್ರ.

ಶಿವಮೊಗ್ಗ ಗೊಬ್ಬರದಂಗಡಿ
ಭಾನುವಾರ ಸರಿ. ಲೇಬಲ್ ಫೋಟೋಗೆ ನಾನೂ ತಯಾರು, ನಮ್ಮಂಥವರಿಗೆ ಅದರಿಂದ ಒಳ್ಳೇದೇ.

ಕೊಪ್ಪದ ಕೃಷಿಕ
ಔಷಧಿಗೆ ಲೇಬಲ್ ಇದೆ, ಗಿಡಕ್ಕೆ? ಅಡಿಕೆ ಸಸಿ ಮಂಗಳ ತಳಿಯೋ ಮೋಹಿತ್‌ನಗರ ತಳಿಯೋ ಅಂತ ನೆಟ್ಟವನಿಗೆ ತಿಳಿಯೋದು ಫಸಲು ಬಂದ ಮೇಲೆ. ಅಷ್ಟರಲ್ಲಿ ಐದಾರು ವರ್ಷ ಹೋಗಿರ್ತದೆ, ಮಾರಿದವನ ನಂಬರು ಸ್ವಿಚ್ ಆಫ್. ನನ್ನ ಭಯ ಇರೋದು ಬಾಟಲಿಗಿಂತ ಹೆಚ್ಚು ಇದರದ್ದೇ. ಬಾಟಲಿಯಲ್ಲಿ ಹೋಗೋದು ದುಡ್ಡು, ಇದರಲ್ಲಿ ವಯಸ್ಸೇ ಹೋಗ್ತದೆ.

ಬೆಂಗಳೂರಲ್ಲಿದ್ದು ತೋಟ ಮಾಡುವವ
ಗಿಡ ಮಾರುವವರು ಬೀಜದ ಅಡಿಕೆ ಯಾವ ತೋಟದ್ದು, ತಾಯಿಮರದ ವಯಸ್ಸೆಷ್ಟು, ನರ್ಸರಿಗೆ ಬಂದು ನೋಡಬಹುದಾ ಅಂತ ಪೋಸ್ಟಿನಲ್ಲೇ ಹೇಳಬೇಕು. ಇದನ್ನು ಪರಿಶೀಲಿಸೋಕೆ ಶಿರಸಿ ಅಕ್ಕನಿಗಿಂತ ತಿಳಿದವರು ನಮ್ಮಲ್ಲಿಲ್ಲ, ಅವರನ್ನೇ ಮಾಡರೇಟರ್ ಮಾಡೋಣ.

ಶಿರಸಿ ನರ್ಸರಿ
ಅದು ಬೇಡ. ನನ್ನ ಹಾಗೆಯೇ ಗಿಡ ಮಾರುವವರ ಪೋಸ್ಟ್ ನಾನೇ ತೆಗೆದರೆ ಯಾರು ನಂಬ್ತಾರೆ? ಏನು ಕೇಳಬೇಕು ಅನ್ನೋ ಪ್ರಶ್ನೆಗಳನ್ನು ಬರೆದುಕೊಡ್ತೇನೆ. ಇಡುವುದು ತೆಗೆಯುವುದು ಏನನ್ನೂ ಮಾರದ ಇಬ್ಬರ ಕೈಯಲ್ಲಿ ಇರಲಿ. ತೆಗೆದಾಗ ಯಾಕೆ ತೆಗೆದಿರಿ ಅಂತ ಒಂದು ಸಾಲು ಎಲ್ಲರಿಗೂ ಕಾಣುವ ಹಾಗೆ ಹಾಕಿ.

ಸುಳ್ಯ ತೋಟ
ಒಬ್ಬ ನಾನು ಆಗ್ತೇನೆ. ಇನ್ನೊಬ್ಬರು ಕೊಪ್ಪದವರೇ ಆಗಲಿ, ಬಿಗಿ ಮಾಡುವವರೂ ಒಬ್ಬರು ಬೇಕು.

ಕೊಪ್ಪದ ಕೃಷಿಕ
ಆಗಲಿ. ಕೊಳೆ ಔಷಧಿ ಹೊಡೆಯೋ ವಾರ ಮಾತ್ರ ರಾತ್ರಿ ಎಂಟರ ಮೇಲೆಯೇ ನೋಡೋಕಾಗೋದು, ಆ ದಿನಗಳಲ್ಲಿ ಹಗಲು ಸುಳ್ಯದವರು ನೋಡಿಕೊಳ್ಳಬೇಕು. ಅಕ್ಕ, ಪ್ರಶ್ನೆಗಳ ಪಟ್ಟಿ ಕಳಿಸಿ.